ಗಾಳಿಯಿಲ್ಲದ ಪೇಟಿ

ಗಾಬರಿಯಾಗಲು ನನಗೆ ದೊಡ್ಡ ಕಾರಣವೇನೂ ಬೇಕಿಲ್ಲ. ಕುಕ್ಕರು ಸೀಟಿ ಹೊಡೆದರೂ ಬೆಚ್ಚಿಬೀಳುವ ಜೀವ ನನ್ನದು. ಅಂಥವಳು ಕರೆಂಟಿನ ಪಿಯಾನೊ ಕೊಂಡಳೆಂದರೆ ಮುಂದಿನದನ್ನು ನೀವೇ ಊಹಿಸಿಕೊಳ್ಳಿ.

ಮೊದಲ ಗಾಬರಿ ಬಸ್ಸಿನಲ್ಲೇ ಆಯಿತು. ಹುಬ್ಬಳ್ಳಿಯಿಂದ ಉದ್ದನೆಯ ಕರಿ ಚೀಲದಲ್ಲಿ ಅದನ್ನು ಸೀಟಿನ ಮೇಲೆ ಮಲಗಿಸಿಕೊಂಡು ಗಜೇಂದ್ರಗಡಕ್ಕೆ ಬರುತ್ತಿದ್ದೆ. ನರಗುಂದದಲ್ಲಿ ಹತ್ತಿದ ಮುದುಕಿಯೊಬ್ಬಳು ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಯಾರವಾ ಇದು, ಪಾಪ?" ಎಂದಳು. ನನ್ನ ಎದೆ ಧಸಕ್ಕೆಂದಿತು. "ಯಾರೂ ಅಲ್ಲಬೇ ಯಮ್ಮಾ, ಬಾರ್ಸೂ ಪೇಟಿ!" ಎಂದೆ. ಹೆಣವಲ್ಲವೆಂದರೆ ಆಕೆ ನಂಬಲಿಲ್ಲ. ರೋಣ ಬರುವವರೆಗೆ ನಿಂತುಕೊಂಡೇ ಬಂದಳು.

ಪೇಟಿ ಎಂದರೆ ನಮ್ಮ ಕಡೆ ಹಾರ್ಮೋನಿಯಂ. ಅದೂ ಪರದೇಶದಿಂದ ಬಂದದ್ದೇ. ಅಲ್ಲಿ ಕುರ್ಚಿ ಹಾಕಿಕೊಂಡು ಕಾಲಿನಿಂದ ಗಾಳಿ ತುಳಿಯುತ್ತಿದ್ದರಂತೆ. ನಮ್ಮವರು ಅದರ ಕಾಲು ತೆಗೆದು, ಚಾಪೆಯ ಮೇಲೆ ಕೂರಿಸಿ, ಗಾಳಿ ಹಾಕುವ ಕೆಲಸವನ್ನು ಎಡಗೈಗೆ ಒಪ್ಪಿಸಿದರು. ಪಂಡಿತರು ಮೂಗು ಮುರಿದರು, ಭಜನೆಯವರು ಅಪ್ಪಿಕೊಂಡರು. ನನ್ನ ಪಿಯಾನೊಗೂ ಅದೇ ಗತಿ. ಮನೆಗೆ ಬಂದ ದಿನವೇ ಚಾಪೆ ಸೇರಿ 'ಕರೆಂಟ್ ಪೇಟಿ' ಆಯಿತು.

ಆದರೆ ಇದಕ್ಕೆ ಗಾಳಿ ಬೇಡವೆಂಬ ಸುದ್ದಿ ನನ್ನ ಎಡಗೈಗೆ ತಲುಪಿರಲಿಲ್ಲ. ಬಲಗೈ ಸ್ವರ ಹಿಡಿದ ಕೂಡಲೇ ಎಡಗೈ ಪಿಯಾನೊದ ಹಿಂದೆ ಬರಿ ಗಾಳಿಯನ್ನು ನೂಕತೊಡಗುತ್ತಿತ್ತು. ಪಕ್ಕದ ಮನೆಯ, ಬಳೆ ಅಂಗಡಿಯ ಮುಮ್ತಾಜಬಿ ಬಾಗಿಲಲ್ಲಿ ನಿಂತು, "ಅಕ್ಕೋರ, ಸೊಳ್ಳಿ ಭಾಳ ಅದಾವೇನ್ರಿ?" ಎಂದು ಕೇಳಿದಳು. ಶಾಲೆಯಲ್ಲಿ ಮಕ್ಕಳನ್ನು ಹೆದರಿಸುವ ಅಕ್ಕೋರು ನಾನು, ನಾಚಿ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡೆ.

ಇಷ್ಟಕ್ಕೂ ನಾನು ಪೇಟಿ ಕಲಿತದ್ದು ನಮ್ಮ ಅತ್ತೆ ಗಿರಿಜವ್ವನಿಗಾಗಿ. ಸೋಮವಾರದ ಭಜನೆಯಲ್ಲಿ ಅವರದು ಕರಿ ಐದು, ಅಂದರೆ ಪೇಟಿಯ ಐದನೆಯ ಕರಿ ಪಟ್ಟಿಯನ್ನು ಷಡ್ಜ ಮಾಡಿಕೊಂಡು ಹಾಡುವ ಎತ್ತರದ ದನಿ. "ಕರಿ ಐದರ ಗಿರಿಜವ್ವ" ಎಂದರೇ ಊರಿಗೆ ಗುರುತು. ನನ್ನ ಬೆರಳುಗಳಿಗೂ ಆ ಒಂದು ಪಟ್ಟಿಯಿಂದ ಬಾರಿಸುವುದಷ್ಟೇ ಗೊತ್ತು. ಬೇರೆ ಕಡೆಯಿಂದ ಹೊರಟರೆ ಅವು ಸಂತೆಯಲ್ಲಿ ಕಳೆದುಹೋದ ಮಕ್ಕಳು.

ವಯಸ್ಸಾದಂತೆ ಅತ್ತೆಯ ದನಿ ಇಳಿಯಿತು. ಪಟ್ಟಿ ಇಳಿಸೋಣವೆಂದರೆ ನನಗೆ ಬಾರದು, ಅವರು ಒಪ್ಪರು. "ಗಂಟ್ಲಾ ಕೆಟ್ಟೈತಿ" ಎನ್ನುತ್ತ ಭಜನೆಯಲ್ಲಿ ಬರೀ ತಾಳ ಹಾಕುತ್ತ ಕೂತರು. ಮನೆಯಲ್ಲಿ ಗುನುಗುವುದೂ ನಿಂತಿತು. ಹಾಡದ ಗಿರಿಜವ್ವ ಊಟದ ರುಚಿಯನ್ನೂ ಮರೆತರು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗ. ಅಷ್ಟರಲ್ಲಿ ಇಲಿ ಹಳೆಯ ಪೇಟಿಯ ಗಾಳಿ ತಿದಿಯನ್ನು ಕಡಿಯಿತು. ಅದೇ ನೆಪ ಮಾಡಿ ನಾನು ಹುಬ್ಬಳ್ಳಿಗೆ ಹೋಗಿದ್ದೆ.

ಹೊಸ ಪೇಟಿಯ ಮೊದಲ ಸ್ವರ ಕೇಳಿ ಅತ್ತೆ ಎದೆ ಹಿಡಿದುಕೊಂಡರು. ಪಿಯಾನೊದ ಸ್ವರ ಒತ್ತಿ ಹಿಡಿದರೂ ಸಣ್ಣಗಾಗುತ್ತ ಆರಿಹೋಗುತ್ತದಲ್ಲ! "ಯವ್ವಾ, ಇದರ ಉಸರಽ ಹೋತಲ್ಲ!" ಎಂದರು. ಸ್ವರ ಆರದಂತೆ ಹಿಡಿದಿಡುವ ಗುಂಡಿ ಹುಡುಕುತ್ತ ನಾನು ಬೇರಾವುದನ್ನೋ ಒತ್ತಿದೆ. ಅದು ಡೋಲು, ತುತ್ತೂರಿ ಸಮೇತ ತಾನೇ ಬಾರಿಸತೊಡಗಿತು. ನಾನು ಎರಡೂ ಕೈ ತಲೆಯ ಮೇಲಿಟ್ಟುಕೊಂಡು ಕಿರುಚಿದೆ. ಗೋಡೆಯಾಚೆಯಿಂದ ಮುಮ್ತಾಜಬಿ, "ವಾರೆವ್ಹಾ ಅಕ್ಕೋರ, ಏನ್ ಕೈರೀ ನಿಮ್ದು!" ಎಂದು ಕೂಗಿದಳು. ನನ್ನ ಸಂಗೀತಕ್ಕೆ ಈವರೆಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದೇ.

ಹೀಗೆ ಗುಂಡಿ ತಡಕಾಡುವಾಗಲೇ ಆ ಪವಾಡ ಆದದ್ದು. ಕರಿ ಐದನ್ನೇ ಒತ್ತಿದೆ, ದನಿ ಮೂರು ಪಟ್ಟಿ ಕೆಳಗಿಂದ ಬಂತು! ಬೆರಳು ಇದ್ದಲ್ಲೇ ಇದೆ, ಶ್ರುತಿ ಮೆಲ್ಲಗೆ ಇಳಿದುಹೋಗಿದೆ. ಗುಂಡಿಯ ಮೇಲೆ ಶ್ರುತಿಯ ಇಳಿತ ತೋರಿಸುತ್ತಿದ್ದ ಅಂಕಿಯನ್ನು ಸೆರಗಿನಿಂದ ಮುಚ್ಚಿ ಅತ್ತೆಯನ್ನು ಕರೆದೆ.

ಅವರು ಬಗ್ಗಿ ನನ್ನ ಬೆರಳು ನೋಡಿದರು. "ಕರಿ ಐದು ಹೌದಲ್ಲ?"

"ಹೌದ್ರೀ ಅತ್ತಿ."

ಹಾಡಿದರು. ಮೇಲಿನ ಷಡ್ಜ ಮುಟ್ಟಿ, ಅಲ್ಲಿ ನಿಂತು, ತಮಗೆ ತಾವೇ ತಲೆದೂಗಿದರು. ಮುಮ್ತಾಜಬಿ ಓಡಿಬಂದು, "ಅವ್ವಾರ ದನಿ ಹೊಳ್ಳಿ ಬಂತಲ್ರೀ!" ಎಂದಳು. ಆ ರಾತ್ರಿ ಅತ್ತೆ ರೊಟ್ಟಿ ಬಿಸಿ ಇಲ್ಲವೆಂದು ನನ್ನನ್ನು ಬೈದರು. ನನಗೆ ಎಷ್ಟು ಸಂತೋಷವಾಯಿತೆಂದರೆ ಹೇಳಲಾರೆ.

ಸೋಮವಾರ ಮಠದಲ್ಲಿ ಓಣಿಯ ಮಂದಿಯೆಲ್ಲ ಸೇರಿತ್ತು. ಗಿರಿಜವ್ವ ಮತ್ತೆ ಹಾಡುತ್ತಾರಂತೆ, ಅದೂ ಕರಿ ಐದರಲ್ಲೇ ಅಂತೆ! ನನಗೋ ಒಳಗೊಳಗೇ ನಡುಕ. ಗುಟ್ಟು ಬಯಲಾದರೆ ಅವರು ಮತ್ತೆಂದೂ ಬಾಯಿ ತೆರೆಯುವುದಿಲ್ಲ. ಸೆರಗನ್ನು ಇನ್ನಷ್ಟು ಎಳೆದು ಅಂಕಿ ಮುಚ್ಚಿದೆ.

ಅತ್ತೆ ನನ್ನ ಕಿವಿಗೆ ಬಾಗಿದರು.

"ಇವತ್ತ ಥಂಡಿ ಐತಿ. ಇನ್ನೊಂದು ಪಟ್ಟಿ ಕೆಳಗ ಇಳಸವಾ," ಎಂದರು. "ಬೆರಳ ಮಾತ್ರ ಕರಿ ಐದರ ಮ್ಯಾಲಽ ಇರ್ಲಿ. ಮಂದಿ ನೋಡ್ತಾರ."

ನಾನು ಸೆರಗಿನಡಿ ಗುಂಡಿ ತಡಕಿದೆ. ಇನ್ನೊಂದು ಪಟ್ಟಿ ಇಳಿಸಿದೆ. ಅತ್ತೆ ದನಿ ಎತ್ತಿದರು. ಪಿಯಾನೊದ ಹಿಂದೆ ನನ್ನ ಎಡಗೈ, ಯಾರ ಅಪ್ಪಣೆಗೂ ಕಾಯದೆ, ಗಾಳಿ ಹಾಕತೊಡಗಿತು. ಈ ಸಲ ನಾನು ಅದನ್ನು ತಡೆಯಲಿಲ್ಲ.