ಬೀಸುಕಲ್ಲಿನ ಇಂಗ್ಲಿಷು

ಹಿಟ್ಟಿನ ಗಿರಣಿಯ ಮುಂದೆ ನಿಂತಾಗ ನೀವು ಏನು ಮಾಡುತ್ತೀರೋ ಗೊತ್ತಿಲ್ಲ. ನಾನು ಮೂಗು ಅರಳಿಸಿಕೊಂಡು ನಿಲ್ಲುತ್ತೇನೆ. ಆಗಷ್ಟೇ ಬೀಸಿದ ಜೋಳದ ಹಿಟ್ಟಿನ ಬಿಸಿ ವಾಸನೆ ಬಂತೆಂದರೆ ನನಗೆ ಇಂಗ್ಲಿಷು ನೆನಪಾಗುತ್ತದೆ. ಇವತ್ತು ದೇಶಪಾಂಡೆ ನಗರದ ಗಿರಣಿಯಲ್ಲೂ ಹಾಗೇ ಆಯಿತು. ಮುದುಕಿಗೆ ಅರಳು ಮರಳು ಎಂದು ನಗಬೇಡಿ. ನಮ್ಮ ಮನೆಗೆ ಇಂಗ್ಲಿಷು ಬಂದದ್ದೇ ಬೀಸುಕಲ್ಲಿನಿಂದ.

ಅದು ಮೂವತ್ತರ ದಶಕ. ಧಾರವಾಡದಲ್ಲಿ ನಮ್ಮದು ಸಣ್ಣ ಹಂಚಿನ ಮನೆ. ಹತ್ತಿರದ ಮುಗದ ಹಳ್ಳಿಗೆ ಮದುವೆಯಾಗಿ ಹೋಗಿದ್ದ ನನ್ನಕ್ಕ, ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ ತವರಿಗೆ ಬಂದಿದ್ದಳು. ಸುಗ್ಗಿ ಮುಗಿದ ಕೂಡಲೇ ಬಂದು ಕರೆದುಕೊಂಡು ಹೋಗುತ್ತೇನೆಂದು ಅವಳ ಮಾವ ಹೇಳಿ ಕಳಿಸಿದ್ದರು. ಅವರದು ದೊಡ್ಡ ಮನೆ, ದುಡಿಯುವ ಕೈ ಬೇಕಾಗಿತ್ತು. ಅಲ್ಲಿಗೆ ಹೋದರೆ ಅಡಿಗೆಮನೆಯ ಹೊಗೆಯಲ್ಲೇ ಮುದುಕಿಯಾಗುವುದು ಖಂಡಿತವೆಂದು ಅಕ್ಕನಿಗೆ ಗೊತ್ತಿತ್ತು. ಮದುವೆಗೆ ಮೊದಲೇ ಅವಳು ಕನ್ನಡ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿದ್ದಳು. ನಮ್ಮ ಓಣಿಯಾಚೆಯ ಹೆಣ್ಣುಮಕ್ಕಳ ಶಾಲೆಗೆ, ಕನ್ನಡದ ಜೊತೆ ಮೊದಲ ಪಾಠದ ಇಂಗ್ಲಿಷು ಕಲಿಸಬಲ್ಲ ಅಕ್ಕೋರೊಬ್ಬರು ಬೇಕಾಗಿದ್ದಾರೆಂಬ ಸುದ್ದಿ ಬಂತು.

"ಸುಗ್ಗಿ ಮುಗಿಯೂದ್ರಾಗ ನನಗ ಇಂಗ್ಲಿಷ್ ಕಲಸು," ಎಂದಳು ನನಗೆ. ಕೇಳಿದ್ದಲ್ಲ, ಹೇಳಿದ್ದು.

ಗುರುವಾದರೂ ಎಂಥವಳು! ಹೈಸ್ಕೂಲಿನ ಮೆಟ್ಟಿಲು ಹತ್ತಿದ್ದೇ ತಡ, ನೆಲದ ಮೇಲೆ ಕಾಲಿಡದ ಹುಡುಗಿ ನಾನು. ನಮ್ಮ ಇಂಗ್ಲಿಷ್ ಮಾಸ್ತರರ ಪದ್ಧತಿಯೇ ಬೇರೆಯಿತ್ತು. ಕೆಲಸ ಮಾಡುತ್ತ ಮಾಡುತ್ತಲೇ ಅದನ್ನು ಬಾಯಿಬಿಟ್ಟು ಹೇಳಬೇಕು. 'ಐ ಆ್ಯಮ್ ಓಪನಿಂಗ್ ದ ಡೋರ್' ಎಂದು ಹೇಳಿ ಮುಗಿಸುವ ಮೊದಲೇ ಬಾಗಿಲು ತೆರೆದುಬಿಟ್ಟರೆ, ಮುಚ್ಚಿ ಮತ್ತೆ ತೆರೆಯಬೇಕು. ಅದನ್ನೇ ಮನೆಗೆ ತಂದೆ. ಅಕ್ಕ ಮಾತು ಮುಗಿಯುವ ತನಕ ಸಾಸಿವೆಯನ್ನು ಎಣ್ಣೆಯಲ್ಲೇ ಬಿಡುತ್ತಿದ್ದುದರಿಂದ ಒಂದು ವಾರ ನಾವೆಲ್ಲ ಕರಕಲು ಒಗ್ಗರಣೆ ಉಂಡೆವು. ಅಪ್ಪ ಊಟದ ನಡುವೆ ನೀರು ಹೆಚ್ಚು ಕುಡಿದರು.

ಕಡೆಗೆ ಅಕ್ಕನೇ ದಾರಿ ಹುಡುಕಿದಳು. ಬೀಸುವ ಕೆಲಸಕ್ಕೆ ಅವಸರವಿಲ್ಲ, ಸುಡುವ ಭಯವಿಲ್ಲ. "ಮ್ಯಾಲಿನ ಕಲ್ಲು ಆ್ಯಮ್, ಕೆಳಗಿನ ಕಲ್ಲು ಇಂಗ್. ನಡುವ ಯಾವ ಕೆಲಸಾ ಹಾಕಿದ್ರೂ ಹಿಟ್ಟು ಬರ್ತೈತಿ, ಹೌದಿಲ್ಲೋ?" ಎಂದು ನನಗೇ ಪಾಠ ಹೇಳಿದಳು. ನಮ್ಮ ಮಾಸ್ತರರೂ ಇಷ್ಟು ಚೆನ್ನಾಗಿ ಬಿಡಿಸಿ ಹೇಳಿರಲಿಲ್ಲ.

ಆದರೆ ಬೀಸುವಾಗ ಹಾಡದೆ ಇರುವುದು ನಮ್ಮಲ್ಲಿ ಉಂಟೆ? ಎದುರಿಗೆ ಬೀಸುಕಲ್ಲಿನ ಅದೇ ಗೂಟ ಹಿಡಿದು ಕೂತ ಅವ್ವ ರೇಗಿದಳು. "ಕಲ್ಲಿನ ಮುಂದ ಕುಂತು ಶಿವನ ಹೆಸರು ತಗೋಬೇಕವ್ವಾ. ಇದೇನು ಗಂಟಲಾಗ ಜ್ವಾಳ ಸಿಕ್ಕಾಂಗ ಒದರಾಕತ್ತೀ?"

"ಶಿವಗ ಇಂಗ್ಲಿಷ್ ತಿಳಿಯಂಗಿಲ್ಲೇನ?" ಎಂದಳು ಅಕ್ಕ. ಆದರೆ ಅವ್ವನನ್ನು ಸಮಾಧಾನ ಮಾಡಲು ಬೀಸುವ ಪದದ ಧಾಟಿಯಲ್ಲೇ ಹೇಳತೊಡಗಿದಳು. 'ಐ ಆ್ಯಮ್ ಗ್ರೈಂಡಿಂಗ್' ಎಂದು ಎಳೆದರೆ ಅರ್ಧ ಸುತ್ತು, 'ಶೀ ಈಜ್ ಸಿಂಗಿಂಗ್' ಎಂದರೆ ಉಳಿದರ್ಧ. ಸುಗ್ಗಿ ಹತ್ತಿರ ಬರುವ ಹೊತ್ತಿಗೆ ಅವ್ವನೂ ಅರಿವಿಲ್ಲದೆ ಸೊಲ್ಲು ಕೂಡಿಸುತ್ತಿದ್ದಳು.

ಶಾಲೆಯ ಕೆಲಸಕ್ಕೆ ಪರೀಕ್ಷೆಯಿದ್ದ ದಿನ ಅಕ್ಕ ಧೈರ್ಯಕ್ಕೆಂದು ನನ್ನನ್ನೂ ಕರೆದೊಯ್ದಳು. ತಪಾಸಣೆಗೆ ಬಂದ ಬಿಳಿಯರ ಮಡಮ್ಮ, ಮಕ್ಕಳಿಗೆ ಪಾಠ ಮಾಡಿ ತೋರಿಸೆಂದು ಸನ್ನೆ ಮಾಡಿದಳು. ಅಕ್ಕ ಕುರ್ಚಿಯ ಪಕ್ಕ ನಿಂತಳು. ಬಾಯಿ ತೆರೆದಳು. ಮಾತೇ ಇಲ್ಲ! ಹಿಂದಿನ ಬೆಂಚಿನಲ್ಲಿ ಕೂತಿದ್ದ ನನಗೆ ಆಗ ಹೊಳೆಯಿತು: ಕಲ್ಲಿಲ್ಲದೆ, ಗೂಟವಿಲ್ಲದೆ, ನಿಂತು ಇಂಗ್ಲಿಷು ಹೇಳುವುದನ್ನು ಅವಳಿಗೆ ನಾನು ಕಲಿಸಿಯೇ ಇರಲಿಲ್ಲ.

ಆಗ ಅಕ್ಕ ಸೆರಗು ಬಿಗಿದು ನೆಲದ ಮೇಲೆ ಕೂತಳು. ಒಂದು ಕಾಲು ಚಾಚಿ, ಇಲ್ಲದ ಗೂಟ ಹಿಡಿದು, ತಿರುಗಿಸತೊಡಗಿದಳು. ದನಿ ತಾನಾಗಿ ಬಂತು, ಧಾಟಿಯ ಸಮೇತ. ಮಡಮ್ಮ ಹುಬ್ಬೇರಿಸಿದಳು. ಆದರೆ ಆ ಹುಡುಗಿಯರಲ್ಲಿ ಬೀಸುಕಲ್ಲು ತಿರುಗಿಸದವಳು ಯಾರಿದ್ದಳು? ಎರಡನೆಯ ಸಲಕ್ಕೇ ಇಡೀ ತರಗತಿ ತೂಗಾಡುತ್ತ ಸೊಲ್ಲು ಕೂಡಿಸಿತು. ಅಕ್ಕ ಹಾಗೇ ಎದ್ದು, ಅದೇ ಧಾಟಿಯಲ್ಲಿ ಕಿಟಕಿ ತೆರೆದಳು, ಕರಿಹಲಗೆ ಒರೆಸಿದಳು. ಹುಡುಗಿಯರು ಹಿಂದೆಯೇ ಹಾಡಿದರು. ಮಡಮ್ಮ ನಗು ತಡೆಯಲಾರದೆ ಕರವಸ್ತ್ರ ಬಾಯಿಗಿಟ್ಟುಕೊಂಡಳು. ಹೋಗುವಾಗ ಅಕ್ಕನ ಕೈ ಕುಲುಕಿ, ಸೋಮವಾರದಿಂದ ಬಾ ಎಂದಳು.

ಸುಗ್ಗಿ ಮುಗಿಯಿತು. ಒಂದು ಮುಂಜಾನೆ ಅಕ್ಕನ ಮಾವ ಬಾಗಿಲಿಗೆ ಗಾಡಿ ತಂದು ನಿಲ್ಲಿಸಿದರು.

"ಲಗೂ ಗಂಟು ಕಟ್ಟವ್ವಾ. ಬಿಸಲಾಗೂದ್ರಾಗ ಊರು ಮುಟ್ಟೂಣು."

ಅಕ್ಕ ಅವರ ಕಾಲಿಗೆರಗಿದಳು. "ನಾ ಸಾಲಿಗೆ ಹೊಂಟೇನ್ರಿ, ಮಾವಾರ. ಹುಡುಗ್ಯಾರು ದಾರಿ ಕಾಯಾಕತ್ತಿರ್ತಾರ," ಎಂದು ಕೊಡೆ ಹಿಡಿದು ನಡೆದೇ ಬಿಟ್ಟಳು.

ಮಾವ ಅವ್ವನ ಮುಖ ನೋಡಿದರು. ಮಗಳು ಗಂಡನ ಮನೆಯಲ್ಲೇ ಇರಬೇಕೆಂದು ಅಷ್ಟು ದಿನ ವಾದಿಸಿದವಳು ನನ್ನವ್ವ. ಅವ್ವ ತಲೆಯ ಮೇಲೆ ಸೆರಗೆಳೆದುಕೊಂಡು ಹೇಳಿದಳು: "ಅಕಿ ಬರೂದು ಸಂಜೀಕರಿ. ನೀವು ರೊಟ್ಟಿ ತಿಂದು ಗಾಡಿ ಹೂಡ್ರಿ."

ಇಷ್ಟು ನೆನೆಯುವಷ್ಟರಲ್ಲಿ ಗಿರಣಿಯವ ನನ್ನ ಡಬ್ಬಿಗೆ ಹಿಟ್ಟು ತುಂಬಿಕೊಟ್ಟ. ನಮ್ಮ ಓಣಿಯಲ್ಲಿ ಹೊಲಿಗೆ ಹೊಲಿಯುವ ಹೆಣ್ಣುಮಕ್ಕಳು ನಿನ್ನೆ ಬಂದು, ಸಂಜೆ ನಾಲ್ಕು ಮಾತು ಇಂಗ್ಲಿಷು ಕಲಿಸ್ರಿ ಎಂದು ಕೇಳಿದ್ದರು. ಮೊಣಕಾಲಿನ ನೆಪ ಹೇಳಿ ಕಳಿಸಿದ್ದೆ. ಈಗ ಡಬ್ಬಿಯನ್ನು ಸೊಂಟಕ್ಕೇರಿಸಿಕೊಂಡು ನೇರ ಅವರ ಬಾಗಿಲಿಗೇ ಹೋದೆ. "ಯಾವಾಗ ಶುರು ಮಾಡೂಣ್ರಿ?" ಎಂದರು. ಹೊಲಿಗೆ ಯಂತ್ರ ನಿಲ್ಲಿಸಬೇಡಿ ಎಂದು ಹೇಳಿ, ಅಲ್ಲೇ ನೆಲದ ಮೇಲೆ ಕೂತೆ.