ಚಿಬ್ಬು ಇಲ್ಲ ಎಂದು ಬರೆದವನು

ಲ್ಯಾಬಿನಲ್ಲಿ ಬಹಳ ವರ್ಷ ಕೂತವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ. 'ಏನೂ ಕಾಣಲಿಲ್ಲ' ಎಂಬುದು ಯಾವಾಗಲೂ ಸಿಹಿ ಸುದ್ದಿ ಎಂದೇ ನಂಬಿಬಿಡುತ್ತೇವೆ. ಕಫದಲ್ಲಿ ಕ್ಷಯದ ಕ್ರಿಮಿ ಇಲ್ಲ, ಮೂತ್ರದಲ್ಲಿ ಸಕ್ಕರೆ ಇಲ್ಲ ಎಂದು ಚೀಟಿ ಕೊಟ್ಟರೆ ಜನ ಕೈಮುಗಿದು ಹೋಗುತ್ತಾರೆ. ನಾನೂ ಹಾಗೇ ನಂಬಿದ್ದೆ. ಆ ನಂಬಿಕೆಯಿಂದ ಒಬ್ಬ ಹುಡುಗಿಯ ಮದುವೆ ಮುರಿಯಿತು. ನಂಬಿಕೆ ಎನ್ನುವುದೂ ನುಣುಚಿಕೊಳ್ಳುವ ಮಾತೇ. ಮುರಿದದ್ದು ನನ್ನ ಸೋಮಾರಿತನದಿಂದ.

ಎಪ್ಪತ್ತರ ದಶಕದ ಕೊನೆ. ಧಾರವಾಡದ ಕಡೆಯಿಂದ ಬಂದ ನಾನು ಯಶವಂತಪುರದ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೆ. ಲ್ಯಾಬ್ ಎಂದರೆ ಮೆಟ್ಟಿಲ ಕೆಳಗಿನ ಕೋಣೆ, ಒಂದು ಮೈಕ್ರೋಸ್ಕೋಪು ಮತ್ತು ನಾನು. ಚರ್ಮದ ಡಾಕ್ಟರು ಗುರುವಾರ ಮಧ್ಯಾಹ್ನ ಮಾತ್ರ ಬಂದು ನಾಲ್ಕಕ್ಕೆ ಮೊದಲೇ ಹೊರಟುಬಿಡುತ್ತಿದ್ದರು.

ಅಂಥದೊಂದು ಗುರುವಾರ ಬಾಗಲೂರಿನಿಂದ ತಾಯಿ ಮಗಳು ಬಂದರು. ಹುಡುಗಿಗೆ ಇಪ್ಪತ್ತರ ಆಸುಪಾಸು. ಕತ್ತಿನ ಮೇಲೆ, ಬೆನ್ನಿನ ಮೇಲೆ ಮಾಸಲು ಬಿಳಿಯ ಮಚ್ಚೆಗಳು. ಮಾಕಳಿಯಲ್ಲಿ ಗಂಡು ಗೊತ್ತಾಗಿತ್ತು. ಆದರೆ ಹೆಣ್ಣು ನೋಡಲು ಬಂದಾಗ ಗಂಡಿನ ಕಡೆಯವರ ಕಣ್ಣು ಕತ್ತಿನ ಮೇಲೆ ಬಿದ್ದಿತ್ತು. ತೊನ್ನಲ್ಲ, ಬರೀ ಚಿಬ್ಬು ಎಂದು ಆಸ್ಪತ್ರೆಯಿಂದ ಬರೆಸಿಕೊಂಡು ಬಂದರೆ ನಿಶ್ಚಿತಾರ್ಥ, ಇಲ್ಲದಿದ್ದರೆ ಇಲ್ಲ ಎಂದಿದ್ದರು. ಡಾಕ್ಟರು ಹಿಂದಿನ ವಾರವೇ ನೋಡಿ, ಎಂಟು ದಿನ ಏನನ್ನೂ ಹಚ್ಚದೆ ಬನ್ನಿ, ಕೆರೆದು ಪರೀಕ್ಷೆ ಮಾಡೋಣ, ಶಿಲೀಂಧ್ರ ಕಂಡರೆ ಚಿಬ್ಬೇ, ಕಾಣದಿದ್ದರೆ ಮತ್ತೆ ನಾನೇ ನೋಡುತ್ತೇನೆ ಎಂದು ಕಳಿಸಿದ್ದರು.

"ಎಂಟು ದಿನದಿಂದ ಅರಿಶಿನಾನೂ ಮುಟ್ಸಿಲ್ಲ ಸಾಮಿ" ಎಂದಳು ತಾಯಿ. ನಿಜ. ಹುಡುಗಿಯ ಕತ್ತು ಒಣಗಿ ಬಿರುಸಾಗಿತ್ತು.

ಆ ಪರೀಕ್ಷೆಯಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಮಚ್ಚೆಯ ಅಂಚನ್ನು ಮೊಂಡು ಬ್ಲೇಡಿನಿಂದ ಮೆಲ್ಲಗೆ ಕೆರೆದರೆ ಹೊಟ್ಟಿನಂಥ ಪುಡಿ ಉದುರುತ್ತದೆ. ಅದನ್ನು ಗಾಜಿನ ಸ್ಲೈಡಿನ ಮೇಲೆ ಹಿಡಿದು ಒಂದು ತೊಟ್ಟು ಕ್ಷಾರ ಬಿಡಬೇಕು. ಕ್ಷಾರ ಚರ್ಮವನ್ನು ಕರಗಿಸುತ್ತದೆ, ಶಿಲೀಂಧ್ರ ಹಾಗೇ ಉಳಿಯುತ್ತದೆ. ಕಾಲು ಗಂಟೆ ಕಾಯುವುದೊಂದೇ ಕಷ್ಟ.

ಬೆನ್ನಿನ ಮಚ್ಚೆಗಳನ್ನು ಕೆರೆಯಬೇಕಿತ್ತು. ಕತ್ತಿನವನ್ನು ಹುಡುಗಿ ನಾಚಿಕೆಯಿಂದ ದಿನಕ್ಕೆ ನಾಲ್ಕು ಸಲ ಸೋಪು ಹಾಕಿ ಉಜ್ಜುತ್ತಿದ್ದಳು, ಅಲ್ಲಿ ಉದುರಲು ಏನೂ ಉಳಿದಿರಲಿಲ್ಲ. ಆದರೆ ಬೆನ್ನು ಎಂದರೆ ರವಿಕೆ ಸಡಿಲಿಸಬೇಕು, ಅದಕ್ಕೆ ನರ್ಸನ್ನು ಕರೆಯಬೇಕು, ಆಕೆ ಮೇಲಿನ ವಾರ್ಡಿನಲ್ಲಿದ್ದಳು. ನಮ್ಮ ಕಡೆಯವನೊಬ್ಬ ಮಾರ್ಕೆಟ್ಟಿನ ಹತ್ತಿರ ಅಂಗಡಿ ಇಟ್ಟು ನಾಲ್ಕು ಗಂಟೆಗೆ ಸರಿಯಾಗಿ ಮಿರ್ಚಿ ಕರಿಯುತ್ತಿದ್ದ. ನಾಲ್ಕೂವರೆಗೆ ಹೋದರೆ ಬರೀ ಪುಡಿ ಸಿಗುತ್ತಿತ್ತು. ಗಡಿಯಾರ ನಾಲ್ಕಕ್ಕೆ ಐದು ನಿಮಿಷ ತೋರಿಸುತ್ತಿತ್ತು. ಕತ್ತಿನ ಮೇಲೆ ಎರಡು ಸಲ ಬ್ಲೇಡು ಆಡಿಸಿದೆ, ತೊಟ್ಟು ಬಿಟ್ಟೆ, ಆಗಲೇ ಮೈಕ್ರೋಸ್ಕೋಪಿಗೆ ಕಣ್ಣಿಟ್ಟೆ. ಕರಗದ ಚರ್ಮದ ರಾಶಿ ಬಿಟ್ಟರೆ ಏನೂ ಕಾಣಲಿಲ್ಲ. 'ಶಿಲೀಂಧ್ರ ಇಲ್ಲ' ಎಂದು ಬರೆದು ಸಹಿ ಹಾಕಿದೆ.

"ಏನೂ ಇಲ್ಲವ್ವಾ, ಆರಾಮ ಹೋಗಿ ಬರ್ರಿ" ಎಂದು ನಗುತ್ತಲೇ ಚೀಟಿ ಕೊಟ್ಟೆ. ತಾಯಿಯ ಮುಖ ಕಪ್ಪಿಟ್ಟದ್ದು ಕಂಡಿತು. ಯಾಕೆ ಎಂದು ಕೇಳುವ ವ್ಯವಧಾನ ನನಗಿರಲಿಲ್ಲ. ಮಿರ್ಚಿ ಬಿಸಿಯಾಗಿಯೇ ಸಿಕ್ಕವು.

ಮುಂದಿನ ಗುರುವಾರ ಅವರು ಬರಲಿಲ್ಲ. ಚೀಟಿ ಡಾಕ್ಟರ ಕೈಗೆ ಹೋಗುವ ಮೊದಲೇ ಮಾಕಳಿಗೆ ಹೋಗಿತ್ತು. ಗಂಡಿನ ಸೋದರಮಾವ ಯಾವುದೋ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್. ಚಿಬ್ಬಿಲ್ಲ ಅಂದಮೇಲೆ ಇನ್ನೇನು, ಅದೇ ಎಂದನಂತೆ. ತೊನ್ನು ಎಂಬ ಮಾತನ್ನು ಬಾಯಲ್ಲಿ ಆಡಲೂ ಇಲ್ಲವಂತೆ.

ಇದೆಲ್ಲ ನನಗೆ ಗೊತ್ತಾದದ್ದು ನಾಲ್ಕು ತಿಂಗಳ ಮೇಲೆ, ಅವರು ಮತ್ತೆ ಬಂದಾಗ. ಈ ಸಲ ಬಂದದ್ದು ಸುಟ್ಟ ಗಾಯಕ್ಕೆ. ಯಾರೋ ನಾಟಿ ವೈದ್ಯ ತೊನ್ನಿಗೆಂದು ಬಾವಂಚಿ ಎಣ್ಣೆ ಕೊಟ್ಟಿದ್ದ. ಅದನ್ನು ಹಚ್ಚಿಕೊಂಡು ಹುಡುಗಿ ದಿನವೂ ಬಿಸಿಲಿಗೆ ಕತ್ತು ಒಡ್ಡಿ ಕೂತಿದ್ದಳು. ಬೊಬ್ಬೆ ಎದ್ದು, ಒಡೆದು, ಕತ್ತಿನ ತುಂಬ ಕಪ್ಪು ಕಲೆ. ಡಾಕ್ಟರು ಬೆನ್ನನ್ನೂ ನೋಡಿ ಮತ್ತೆ ಪರೀಕ್ಷೆಗೆ ಬರೆದರು. ಅಂದು ನಾನು ಮೇಲೆ ಹೋಗಿ ನರ್ಸನ್ನು ಕರೆತಂದೆ. ಬೆನ್ನಿನಿಂದ ಕೆರೆಸಿದೆ. ಕಾಲು ಗಂಟೆಯಲ್ಲ, ಅರ್ಧ ಗಂಟೆ ಕಾದೆ.

ಕಣ್ಣಿಟ್ಟರೆ ಹುಡುಕುವ ಕೆಲಸವೇ ಇರಲಿಲ್ಲ. ಶಾವಿಗೆಯ ತುಂಡುಗಳು, ನಡುನಡುವೆ ಸಾಬಕ್ಕಿಯ ಗೊಂಚಲು, ಪಾಯಸದ ಬಟ್ಟಲಿನಂತೆ. ಚಿಬ್ಬಿನ ಶಿಲೀಂಧ್ರ ಹಾಗೇ ಕಾಣುವುದು. ಇಲ್ಲ ಎಂದು ಇನ್ನೊಮ್ಮೆ ಬರೆದರೆ ನನ್ನ ತಪ್ಪು ಮುಚ್ಚಿಹೋಗುತ್ತದೆ ಎಂಬ ಯೋಚನೆಯೂ ಸುಳಿಯಿತು, ಇಲ್ಲವೆನ್ನಲಾರೆ. ಬರೆಯಲಿಲ್ಲ. ಹೋಗಿ ಡಾಕ್ಟರನ್ನೇ ಕರೆದೆ.

ಅವರು ನೋಡಿ ತಲೆ ಎತ್ತಿದರು. "ಇಷ್ಟೊಂದಿದೆಯಲ್ರೀ. ಹೋದ್ಸಲ ಹ್ಯಾಗೆ ಸಿಗ್ಲಿಲ್ಲ?"

ತಾಯಿ ಮಗಳು ಬಾಗಿಲಲ್ಲೇ ನಿಂತಿದ್ದರು. ನಿಜ ಹೇಳಲು ಒಂದು ಉಸಿರಿನಷ್ಟು ಸಮಯವಿತ್ತು. ಕೆಲಸ ಹೋದರೆ ಎಂಬ ಭಯ ಮೊದಲು ಬಂತು.

"ಎಣ್ಣಿ ಹಚ್ಕೊಂಡು ಬಂದಿದ್ರು ಸರ್" ಎಂದೆ.

ಡಾಕ್ಟರು ತಾಯಿಯ ಕಡೆ ತಿರುಗಿದರು. "ಅಷ್ಟು ಹೇಳಿ ಕಳಿಸಿದ್ದೆನಲ್ಲಮ್ಮ, ಏನೂ ಹಚ್ಬೇಡಿ ಅಂತ. ಇದು ಚಿಬ್ಬು ಕಣಮ್ಮ, ತೊನ್ನಲ್ಲ. ಆಗಲೇ ಗೊತ್ತಾಗಿದ್ರೆ ಇಷ್ಟೆಲ್ಲ ಆಗ್ತಿತ್ತಾ?" ಎಂದು ಗದರಿ, ಔಷಧಿ ಬರೆಯಲು ಹೋದರು.

ಹಚ್ಚಿಲ್ಲ ಎಂದು ತಾಯಿ ವಾದಿಸುತ್ತಾಳೆ ಎಂದುಕೊಂಡಿದ್ದೆ. ವಾದಿಸಲಿ ಎಂದೂ ಮನಸ್ಸಿನ ಒಂದು ಮೂಲೆ ಬಯಸುತ್ತಿತ್ತು. ಅವಳು ಮಾತ್ರ ನೆನಪಿನಲ್ಲಿ ತನ್ನ ತಪ್ಪನ್ನು ಹುಡುಕತೊಡಗಿದಳು. "ತಲೆಗೆ ಅಚ್ಚಿದ್ದೆ ಕಣವ್ವ, ಅವತ್ತು ಬೆಳಗ್ಗೆ. ಅದೇ ಕತ್ತಿಗೆ ಇಳ್ದಿರ್ಬೇಕು. ನಾನೇ ನಿನ್ ಬಾಳು ಆಳು ಮಾಡ್ಬುಟ್ಟೆ" ಎಂದು ಮಗಳ ಕೈ ಹಿಡಿದು ಅತ್ತಳು. ಮಗಳು ತಾಯಿಯನ್ನು ನೋಡಲಿಲ್ಲ. ಕೈ ಬಿಡಿಸಿಕೊಂಡು ಹೊರಗೆ ಹೋದಳು.

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಿಮ್ಗೂ ಎಲ್ಡೆಲ್ಡು ಸಲ ತೊಂದ್ರೆ ಕೊಟ್ಟೆ. ತಪ್ಪಾಯ್ತು ಸಾಮಿ, ಮನಸ್ಸಿಗೆ ಆಕ್ಕೋಬ್ಯಾಡಿ" ಎಂದು ಕೈಮುಗಿದಳು.

"ಇರ್ಲಿ ಬಿಡವ್ವಾ" ಎಂದು ನಾನು ಅವಳನ್ನು ಕ್ಷಮಿಸಿದೆ.