ಸುಮಿತ್ರಾ ಆಂಟಿ ಮತ್ತು ಹೆಪ್ಪುಗಟ್ಟದ ನೀರು

ಸುಮಿತ್ರಾ ಆಂಟಿ ನೀರು ಬೆರೆಸದೆ ಬಿಟ್ಟ ವಸ್ತು ಅವರ ಮನೆಯಲ್ಲಿ ಇರಲಿಲ್ಲ. ಶಾಂಪೂ ಬಾಟಲಿಯ ತಳ ಕಂಡರೆ ನೀರು, ಪಾತ್ರೆ ತೊಳೆಯುವ ಸೋಪಿಗೆ ನೀರು, ಹೇಳದೆ ಕೇಳದೆ ನೆಂಟರು ಬಂದರೆ ಸಾರಿಗೂ ಧಾರಾಳವಾಗಿ ನೀರು. ಖಾಲಿ ಕೆಚಪ್ ಬಾಟಲಿಗೆ ನೀರು ಹಾಕಿ ಕುಲುಕಿ, ಆ ನೀರನ್ನು ಗೊಜ್ಜಿಗೆ ಸುರಿದದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಇಂಥವರು ಒಂದೇ ಒಂದು ವಿಷಯದಲ್ಲಿ, ಕಾರಿನ ಮುಂದಿನ ಗಾಜು ತೊಳೆಯುವ ದ್ರವದ ವಿಷಯದಲ್ಲಿ, ಮಹಾ ನಿಷ್ಠುರಿ. "ವಾಷರ್ ಟ್ಯಾಂಕಿಗೆ ಒಂದು ತೊಟ್ಟು ನೀರು ಹಾಕಿದ್ರೆ ನೋಡು, ನಿನ್ನ ಕಾರೇ ಹತ್ತಲ್ಲ ನಾನು!"

ಡ್ಯಾನ್‌ವಿಲ್‌ನಲ್ಲಿ ಅವರು ನಮ್ಮ ಪಕ್ಕದ ಮನೆಯವರು. ಮೂಲ ಹಾಸನ. ಮಿನೆಸೋಟದಲ್ಲಿ ಮಕ್ಕಳ ಡಾಕ್ಟರಾಗಿದ್ದು, ನಿವೃತ್ತರಾದ ಮೇಲೆ ಇಲ್ಲಿಗೆ ಬಂದಿದ್ದರು. ಅಲ್ಲಿನ ಚಳಿಯಲ್ಲಿ ಕಾರು ಓಡಿಸಿದವರಿಗೆ, ನಾವು ಟಾಹೋ ಬೆಟ್ಟಗಳಿಗೆ ಹಿಮ ನೋಡಲು ಹೊರಡುವ ಸಡಗರ ಕಂಡರೆ ನಗು. ನಾನು ಕಾರಿಗೆ ಕುಂಕುಮವಿಟ್ಟು, ಚಕ್ರದಡಿ ನಿಂಬೆಹಣ್ಣು ಇಡುವಷ್ಟರಲ್ಲಿ ಅವರು ಬಾನೆಟ್ ಎತ್ತಿಸಿ ನಿಂತಿರುತ್ತಿದ್ದರು. "ನಿಂಬೆಹಣ್ಣು ಆಯ್ತು. ಟ್ಯಾಂಕಿನೊಳಗೇನಿದೆ ಹೇಳು."

ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುವುದು ಹೆಚ್ಚಾಗಿ ಬೇಸಿಗೆಯ ದ್ರವ. ಹಿಮದ ನಡುವೆ ಅದು ಕಲ್ಲಾಗುತ್ತದೆ. ಆದ್ದರಿಂದ ಜೊತೆಗೆ ಬರುತ್ತಿದ್ದ ಆಂಟಿ ಫ್ರೀವೇ ಉದ್ದಕ್ಕೂ ನಮ್ಮ ಕೈಲಿ ಅದನ್ನು ಗಾಜಿಗೆ ಚಿಮ್ಮಿಸಿ ಖಾಲಿ ಮಾಡಿಸುತ್ತಿದ್ದರು. ಹಿಂದಿನ ಕಾರಿನವರು ಹಾರ್ನ್ ಹೊಡೆದರೆ ಕೈ ಬೀಸುವರು. ಬೆಟ್ಟದ ಬುಡದ ಊರು ಆಬರ್ನ್‌ನಲ್ಲಿ ಇಳಿದು, ಹೆಪ್ಪುಗಟ್ಟದ ಚಳಿಗಾಲದ ದ್ರವ ಕೊಂಡು, ತಾವೇ ತುಂಬಿಸುವರು.

ಒಂದು ವರ್ಷ ಅವರಿಲ್ಲದೆ ಹೋದೆವು. ನನ್ನ ಗಂಡ ಗಿರೀಶ ಟ್ಯಾಂಕಿಗೆ ನಲ್ಲಿ ನೀರು, ಮೇಲೊಂದು ಚಮಚ ಸೋಪು ಹಾಕಿದ್ದ. ಬೆಟ್ಟದ ಮೇಲೆ ಹೋಗುತ್ತಲೇ ಲಾರಿಯೊಂದು ಗಾಜಿಗೆ ಕೆಸರು ಎರಚಿತು, ಹೆಪ್ಪುಗಟ್ಟಿದ್ದ ಟ್ಯಾಂಕಿನಿಂದ ಹನಿಯೂ ಬರಲಿಲ್ಲ. ಕಾರು ನಿಲ್ಲಿಸಿ ಕುಡಿಯುವ ನೀರು ಸುರಿದ. ಅದು ಗಾಜಿನ ಮೇಲೇ ಮಂಜುಗಡ್ಡೆಯಾಯಿತು. ಆಂಟಿಗೆ ಫೋನು ಹಚ್ಚಿದೆ.

"ಐಸ್ ಮೇಲೆ ಮತ್ತೆ ನೀರು ಹಾಕಿದ್ನಾ? ಭೇಷ್! ಹೀಟರ್ ಹಾಕ್ಕೊಂಡು ಕಾಫಿ ಕುಡೀತಾ ಕೂತ್ಕೊಳಿ. ಮೊದಲು ಗಾಜು ಬೆಚ್ಚಗಾಗ್ಲಿ."

ಆಮೇಲೆ ನಾವು ಅವರನ್ನು ಬಿಟ್ಟು ಹೋಗಲಿಲ್ಲ. ಅವರದೇ ಕಾರು, ಅವರೇ ಡ್ರೈವರು. ಸ್ಯಾನ್ ಹೊಸೆಯಲ್ಲಿದ್ದ ಅವರ ಮಗನಿಗೆ ಮಾತ್ರ ಇದು ಸುತರಾಂ ಇಷ್ಟವಿಲ್ಲ. ವಯಸ್ಸಾಯಿತು, ಕಾರಿನ ಕೀ ಕೊಟ್ಟುಬಿಡು ಎಂದು ಪ್ರತಿ ವಾರ ವರಾತ. ಆಂಟಿ ನನ್ನ ಹತ್ತಿರ ಹೇಳಿಕೊಂಡು ಕಣ್ಣು ಒರೆಸಿಕೊಂಡರು. "ಸ್ಟಿಯರಿಂಗ್ ಬಿಟ್ರೆ ನಾನು ಇವರ ಲಗೇಜು ಕಣೇ. ಎಲ್ಲಿಟ್ರೆ ಅಲ್ಲಿರ್ಬೇಕು."

ಕೊನೆಯ ಸಲ ಅವರು ಓಡಿಸಿದಾಗ ನಾನು ಪಕ್ಕದಲ್ಲಿದ್ದೆ. ಎದುರಿಗೆ ಹಿಮ, ಅದರ ಮೇಲೆ ಬಿಸಿಲು. ಆಂಟಿ ವಾಷರ್ ಒತ್ತಿದರು. ನೀಲಿ ದ್ರವ ಚಿಮ್ಮಿತು, ವೈಪರ್ ಓಡಿತು. ಮತ್ತೆ ಒತ್ತಿದರು, ಮತ್ತೆ.

"ಹಾಳಾದ್ದು, ಮಬ್ಬು ಹೋಗ್ತಾನೇ ಇಲ್ಲ."

ಗಾಜು ಆಗಲೇ ಫಳಫಳ ಹೊಳೆಯುತ್ತಿತ್ತು. ನಾನು ಅವರ ಕಡೆ ತಿರುಗಿದೆ. ಆಂಟಿಯ ಬೆರಳು ನಿಂತಿತು.

"ಗಾಜು ಚೆನ್ನಾಗೇ ಇದೆ ಅಲ್ವೇನೇ?"

"ಹೂಂ ಆಂಟಿ."

ಮುಂದಿನ ಎಕ್ಸಿಟ್‌ನಲ್ಲಿ ನಿಧಾನವಾಗಿ ಹೆದ್ದಾರಿ ಇಳಿದು, ಕಾರು ನೆಟ್ಟಗೆ ನಿಲ್ಲಿಸಿ, ಕೀಯನ್ನು ನನ್ನ ಕೈಗಿಟ್ಟರು. ಯಾರೂ ಕೇಳಿರಲಿಲ್ಲ. ನನಗೆ ಅಳು ಬಂತು. ಅವರು ಚಕ್ಕುಲಿ ಡಬ್ಬಿ ತೆರೆದರು.

ಕಣ್ಣಿನ ಪೊರೆ ತೆಗೆಸಿದ ಮೇಲೆ ದೃಷ್ಟಿ ಸರಿಹೋಯಿತು. ಮುಂದಿನ ಚಳಿಗಾಲ ನಾನು ಕೀ ನೀಡಿದರೆ, ಅವರು ಆಚೆ ಬದಿಯ ಬಾಗಿಲು ತೆಗೆದು ಕೂತರು.

"ಬೇಡಮ್ಮ. ಇಷ್ಟು ವರ್ಷ ಬರೀ ರಸ್ತೆ ನೋಡಿದೀನಿ. ಮರ ಹೆಂಗಿರುತ್ತೆ ಅಂತಾನೇ ಗೊತ್ತಿಲ್ಲ."

ದಾರಿಯುದ್ದಕ್ಕೂ ಮಗುವಿನ ಹಾಗೆ ಕಿಟಕಿಗೆ ಅಂಟಿಕೊಂಡಿದ್ದರು.

ಕಳೆದ ಬೇಸಿಗೆಯಲ್ಲಿ ಅವರು ಸ್ಯಾನ್ ಡಿಯಾಗೊಗೆ, ಮಗಳ ಮನೆಗೆ ಹೊರಟುಹೋದರು. ಸುಖವಾಗಿದ್ದಾರಂತೆ. ಈ ಜನವರಿಯಲ್ಲಿ ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಗಿರೀಶ ನಿದ್ದೆ ಹೊಡೆಯುತ್ತಿದ್ದ. ತಿರುವಿನಲ್ಲಿ ಹಿಮ ಹೊತ್ತ ಪೈನ್ ಮರಗಳು ಒಮ್ಮೆಲೇ ಎದುರಾದಾಗ, "ನೋಡಿ ಆಂಟಿ" ಅಂದುಬಿಟ್ಟೆ.